ಉಗುರಿನ ಮೇಲಿನ ಬೆಳ್ಳಿ

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ 1948ರವರೆಗೆ ನಿಜಾಮರ ಸೀಮೆ. ಕೊಪ್ಪಳವಂತೂ ಸಾಲಾರ್ ಜಂಗರ ಜಾಗೀರು. ಓದುಬರಹವಿಲ್ಲದ ರೈತನ ಬೆರಳಿಗೆ ಸರಕಾರದ ಕಾಗದದಲ್ಲಿ ಹೆಬ್ಬೆಟ್ಟು ಒತ್ತುವುದಷ್ಟೇ ಕೆಲಸ. 1952ರಲ್ಲಿ ಎಲ್ಲ ವಯಸ್ಕರಿಗೂ ಮತ ಬಂತು. 1962ರ ಲೋಕಸಭಾ ಚುನಾವಣೆಯಲ್ಲಿ ಮೈಸೂರಿನ ಶಾಯಿ ಬಂತು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1937ರಲ್ಲಿ, ಶುರುವಾದ ಅರಗು-ಬಣ್ಣದ ಕಾರ್ಖಾನೆಯೇ ಅದನ್ನು ಇಂದಿಗೂ ತಯಾರಿಸುತ್ತಿದೆ.

ಆ ಶಾಯಿಯ ಜೀವ ಸಿಲ್ವರ್ ನೈಟ್ರೇಟ್, ಅಂದರೆ ಬೆಳ್ಳಿಯ ಲವಣ. ಚರ್ಮದ ಉಪ್ಪಿನೊಡನೆ ಸೇರಿ, ಬೆಳಕು ತಾಗಿದರೆ ಕಪ್ಪಾಗುತ್ತದೆ, ಸೋಪಿಗೂ ಬಗ್ಗದು. ಚರ್ಮದ ಕಲೆ ಕೆಲವು ವಾರಗಳಲ್ಲಿ ಮಾಸುತ್ತದೆ. ಉಗುರಿನದು ಹಾಗಲ್ಲ, ಉಗುರು ಬೆಳೆದಂತೆ ತಿಂಗಳುಗಟ್ಟಲೆ ಮೇಲೇರಿ, ಕೊನೆಗೆ ಉಗುರು ಕತ್ತರಿಸಿದಾಗಲೇ ಹೋಗುವುದು. ಜಾಗೀರಿನ ಮೊಮ್ಮಕ್ಕಳಿಗೆ ಅದೊಂದು ಹೆಮ್ಮೆಯ ಗುರುತೂ ಹೌದು.

ಭಯಪಡಬೇಕಾದ ಬೆಳ್ಳಿ ಬೇರೆ. ವರ್ಷಗಟ್ಟಲೆ ಬೆಳ್ಳಿಯ ಧೂಳು ಉಸಿರಾಡಿದವರಲ್ಲಿ, ಬೆಳ್ಳಿಯ ದ್ರಾವಣವನ್ನು ಮದ್ದೆಂದು ಕುಡಿದವರಲ್ಲಿ, ಉಗುರಿನ ಬುಡದ ಅರ್ಧಚಂದ್ರ ನೀಲಿಬೂದಾಗುತ್ತದೆ. ಮುಖ, ಕಣ್ಣಿನ ಬಿಳಿಯೂ ಹಾಗೆಯೇ. ಒಳಗಿನಿಂದ ಬಂದ ಈ ಬಣ್ಣ ಉಗುರಿನೊಡನೆ ಬೆಳೆದು ಹೋಗುವುದಿಲ್ಲ. ಒಂದೇ ಬೆರಳಿನ ಕಪ್ಪು ಮತಗಟ್ಟೆಯದು. ಹಲವು ಉಗುರುಗಳ ಬುಡ ನೀಲಿಯಾದರೆ ವೈದ್ಯರಿಗೆ ತೋರಿಸಬೇಕು, ಏಕೆಂದರೆ ಮೈಯಲ್ಲಿ ತಾಮ್ರ ಶೇಖರವಾಗುವ ಒಂದು ಕಾಯಿಲೆಯಲ್ಲೂ ಉಗುರು ಇದೇ ಬಣ್ಣಕ್ಕೆ ತಿರುಗುವುದುಂಟು.