ಹಳ್ಳಿಗೆ ಮೊದಲು ಬಂದ ದೂರದರ್ಶನ

ದೂರದರ್ಶನವೆಂದರೆ ಮಕ್ಕಳ ಓದಿಗೆ ಹಿಡಿದ ಶನಿ ಎಂಬ ಭಾವನೆ ನಮ್ಮ ಪಟ್ಟಣದ ಮನೆಗಳಲ್ಲಿ ಬೇರೂರಿದೆ. ಆದರೆ ಕನ್ನಡನಾಡಿನ ಹಳ್ಳಿಗಳಿಗೆ ಅದು ಕಾಲಿಟ್ಟದ್ದು ಮೇಷ್ಟರ ಸಹಾಯಕನಾಗಿ. ಬೆಂಗಳೂರಿನಲ್ಲಿ ದೂರದರ್ಶನ ಕೇಂದ್ರ ತೆರೆದದ್ದು 1981ರ ನವೆಂಬರಿನಲ್ಲಿ. ಅದಕ್ಕೆ ಆರು ವರ್ಷ ಮೊದಲೇ ಬಿಜಾಪುರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳ ಶಾಲಾಮಕ್ಕಳು ಅದರಲ್ಲಿ ಕನ್ನಡ ಕೇಳಿದ್ದರು.

1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ನಡೆದ ಆ ಪ್ರಯೋಗದ ಹೆಸರು ‘ಸೈಟ್’. ಅಮೆರಿಕದ ಎಟಿಎಸ್-6 ಉಪಗ್ರಹದ ನೆರವಿನಿಂದ ನಮ್ಮ ಬಾಹ್ಯಾಕಾಶ ಸಂಸ್ಥೆ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಚಿತ್ರವನ್ನು ಮುಟ್ಟಿಸಿತು. ತಂತಿಬಲೆಯಿಂದ ಮಾಡಿದ ಕೊಡೆಯಂಥ ಆಂಟೆನಾ. ಊರಿಗೆಲ್ಲ ಒಂದೇ ಪೆಟ್ಟಿಗೆ. ಬೆಳಗಿನ ಪ್ರಸಾರ 5ರಿಂದ 12 ವರ್ಷದ ಮಕ್ಕಳಿಗೆ, ಸಂಜೆಯದು ಹಿರಿಯರಿಗೆ. ಮಕ್ಕಳ ಭಾಷೆ ಬೆಳೆದುದನ್ನೂ, ಬೇರೆ ಮೂಲಗಳಿಂದ ತಿಳಿದುಕೊಳ್ಳುವ ಆಸಕ್ತಿ ಮೂಡಿದುದನ್ನೂ ಪರಿಶೀಲಕರು ಗುರುತಿಸಿದರು.

ಕಿವಿಗೆ ಬಿದ್ದ ಭಾಷೆ ಅಕ್ಷರಕ್ಕೆ ದಾಟುವುದು ಹೇಗೆ? ಇದಕ್ಕೊಂದು ಉತ್ತರ ಗುಜರಾತಿನಿಂದ ಬಂತು. ಅಹಮದಾಬಾದಿನ ಭಾರತೀಯ ವ್ಯವಸ್ಥಾಪನಾ ಸಂಸ್ಥೆಯ ಬ್ರಿಜ್ ಕೊಠಾರಿಯವರು ಬಲು ಸರಳವಾದ ಉಪಾಯ ಹೂಡಿದರು. ಚಿತ್ರಗೀತೆ ಯಾವ ಭಾಷೆಯಲ್ಲಿದೆಯೋ ಅದೇ ಭಾಷೆಯ ಸಾಲನ್ನು ಚಿತ್ರದ ಕೆಳಗೆ ಮೂಡಿಸುವುದು. ಹಾಡುತ್ತಿರುವ ಪದವನ್ನು ಬಣ್ಣದಿಂದ ತೋರಿಸುವುದು. 1999ರಲ್ಲಿ ಗುಜರಾತಿ ಹಾಡುಗಳಿಂದ ಆರಂಭವಾದ ಈ ಕ್ರಮ ಮುಂದೆ ಹಿಂದಿಯ ‘ಚಿತ್ರಹಾರ್’ಗೂ ಬಂತು.

ಇದರ ಗುಟ್ಟು ಇಷ್ಟೆ. ಬಾಯಿಪಾಠವಾದ ಹಾಡಿನಲ್ಲಿ ಮುಂದಿನ ಪದ ಯಾವುದೆಂದು ಮಗುವಿಗೆ ಮೊದಲೇ ಗೊತ್ತು. ಕಣ್ಣು ಆ ಪದವನ್ನು ಹುಡುಕಿ ಹಿಡಿಯುತ್ತದೆ. ಪಾಠವೆಂಬ ಬೇಸರವಿಲ್ಲದೆ ಅಭ್ಯಾಸ ನಡೆದುಹೋಗುತ್ತದೆ. ಆದರೆ ಒಂದು ಮಾತು: ಅಕ್ಷರವನ್ನೇ ಅರಿಯದ ಮಗುವಿಗೆ ಇದು ಸಾಲದು. ಅಕ್ಷರ ಕಲಿತು ತಡವರಿಸುತ್ತಿರುವವರಿಗೆ ಇದು ಊರುಗೋಲು. ಮೊದಲ ತಿದ್ದುವಿಕೆ ಮೇಷ್ಟರ ಕೆಲಸವೇ.

ಬರೆದಂತೆ ಓದುವ ಕನ್ನಡಕ್ಕೆ ಈ ಉಪಾಯ ಚೆನ್ನಾಗಿ ಒಗ್ಗುತ್ತದೆ. ಮನೆಯಲ್ಲಿ ಸರಾಗವಾಗಿ ಕನ್ನಡ ಆಡುತ್ತ, ಅಂಗಡಿಯ ಬೋರ್ಡು ಓದಲು ಮಾತ್ರ ತೊದಲುವ ಮಕ್ಕಳು ಇಂದು ನಗರಗಳಲ್ಲಿ ವಿರಳವಲ್ಲ. ಪೆಟ್ಟಿಗೆಯನ್ನು ಆರಿಸಿಬಿಟ್ಟರೆ ಅವರಿಗೆ ಕನ್ನಡ ಓದಲು ಬಂದೀತೆ? ಮಗುವಿನ ಪಕ್ಕದಲ್ಲಿ ಕುಳಿತು, ಕನ್ನಡ ಸಾಲುಗಳಿರುವ ಹಾಡೊಂದನ್ನು ಹಾಕಿ, ಜೊತೆಯಲ್ಲಿ ಓದಿ ಹಾಡುವುದು ತಂದೆತಾಯಿಗಳಿಗೆ ಕಷ್ಟದ ಕೆಲಸವಲ್ಲ. ದಿನಕ್ಕೆ ಒಂದು ಹಾಡಾದರೂ ಸಾಕು.