ಪದ ಪರಿಚಯ: ಹಲ್ಲೆಲೂಯ

ಹೀಬ್ರೂ ಭಾಷೆಯ ‘ಹಲ್ಲೆಲು’ ಎಂದರೆ ‘ನೀವೆಲ್ಲ ಸ್ತುತಿಸಿರಿ’. ‘ಯಾ’ ಎಂಬುದು ದೇವರ ಹೆಸರಾದ ಯಾಹ್ವೆಯ ಹ್ರಸ್ವ ರೂಪ. ಕ್ರಿಯಾಪದ ಬಹುವಚನದಲ್ಲಿರುವುದರಿಂದ ಇದು ಒಬ್ಬರ ಉದ್ಗಾರವಲ್ಲ, ಸಭೆಗೆ ಕೊಟ್ಟ ಕರೆ. ಗ್ರೀಕ್, ಲ್ಯಾಟಿನ್‌ಗಳನ್ನು ದಾಟಿ ಬರುವಾಗ ಮೊದಲ ಹಕಾರ ಬಿದ್ದುಹೋಗಿ ‘ಅಲ್ಲೆಲೂಯ’ ಆಯಿತು. ಕನ್ನಡ ಕ್ರೈಸ್ತರಲ್ಲಿ ಎರಡು ರೂಪಗಳೂ ಕೇಳಿಬರುತ್ತವೆ.

ಬೈಬಲಿನಲ್ಲಿ ಈ ಪದ ಹೆಚ್ಚಾಗಿ ಸಿಗುವುದು ಕೀರ್ತನೆಗಳಲ್ಲಿ. 113ರಿಂದ 118ರವರೆಗಿನ ಕೀರ್ತನೆಗಳನ್ನು ಯೆಹೂದ್ಯರು ‘ಹಲ್ಲೆಲ್’ ಎಂದು ಕರೆದು ಪಾಸ್ಕ ಹಬ್ಬದಲ್ಲಿ ಹಾಡುತ್ತಾರೆ. ಯೇಸು ತನ್ನ ಕೊನೆಯ ಭೋಜನದ ನಂತರ ಶಿಷ್ಯರೊಂದಿಗೆ ಕೀರ್ತನೆ ಹಾಡಿ ಎಣ್ಣೆಮರಗಳ ಗುಡ್ಡಕ್ಕೆ ಹೋದನೆಂದು ಮತ್ತಾಯನ ಸುವಾರ್ತೆ ಹೇಳುತ್ತದೆ. ಅದು ಈ ಹಲ್ಲೆಲ್ಲೇ ಇರಬೇಕೆಂದು ಅನೇಕ ವಿದ್ವಾಂಸರ ಅಭಿಪ್ರಾಯ. ಮರುದಿನ ಶಿಲುಬೆ ಕಾದಿತ್ತು; ಆದರೂ ಸ್ತುತಿ ನಿಲ್ಲಲಿಲ್ಲ.

ರೋಮಿನಲ್ಲಿ ಬಡ ರೋಗಿಗಳಿಗೆ ಆಸ್ಪತ್ರೆ ತೆರೆದು, ತಾನೇ ಅವರ ಹುಣ್ಣು ತೊಳೆದ ಫಾಬಿಯೋಲಾ 399ರಲ್ಲಿ ತೀರಿಕೊಂಡಾಗ, ಆಕೆಯ ಶವಸಂಸ್ಕಾರದಲ್ಲಿ ಮೊಳಗಿದ್ದೂ ಅಲ್ಲೆಲೂಯವೇ ಎಂದು ಸಂತ ಜೆರೋಮ್ ಬರೆದಿದ್ದಾನೆ.

ಕಥೋಲಿಕರು ತಪಸ್ಸುಕಾಲದಲ್ಲಿ ಈ ಪದವನ್ನು ಆರಾಧನೆಯಲ್ಲಿ ಬಳಸುವುದಿಲ್ಲ. ಈಸ್ಟರ್ ಜಾಗರಣೆಯ ರಾತ್ರಿ ಮತ್ತೆ ಹಾಡುತ್ತಾರೆ. ಪೂರ್ವದ ಆರ್ಥೊಡಾಕ್ಸ್ ಸಭೆಗಳು ಉಪವಾಸದ ದಿನಗಳಲ್ಲೂ ಬಿಡುವುದಿಲ್ಲ. ದುಃಖವನ್ನು ಅಲ್ಲಗಳೆಯದೆ, ಅದರ ನಡುವೆಯೇ ದೇವರನ್ನು ನಂಬಿ ಹಾಡುವ ಹಲ್ಲೆಲೂಯದ ಸಂತೋಷ ಪರಿಸ್ಥಿತಿ ಬದಲಾದರೂ ಬತ್ತುವಂಥದ್ದಲ್ಲ. ಒಬ್ಬರ ದನಿ ಉಡುಗಿದಾಗ ಸಭೆಯ ಉಳಿದವರು ಅವರ ಪರವಾಗಿ ಹಾಡಲಿ ಎಂದೇ ಈ ಕರೆ ಬಹುವಚನದಲ್ಲಿದೆ ಎಂದು ನನಗನ್ನಿಸುತ್ತದೆ.