ಚಿಮಣಿ ಎಣ್ಣೆಗೂ ಮುಂಚೆ

ಒಂದೇ ಎಣ್ಣೆಗೆ ಎಷ್ಟು ಹೆಸರು ನೋಡಿ. ಬೆಂಗಳೂರು, ಮೈಸೂರು ಕಡೆಯವರಿಗೆ ಸೀಮೆಎಣ್ಣೆ. ನಮ್ಮ ಕರಾವಳಿಯಲ್ಲಿ ಚಿಮಣಿ ಎಣ್ಣೆ. ಇಲ್ಲಿ ಮುಂಬಯಿಯಲ್ಲಿ ರಾಕೆಲ್. ಚೆನ್ನೈಯಲ್ಲಿರುವ ನಮ್ಮವರು ಮಣ್ಣೆಣ್ಣೈ ಅಂತ ಕೇಳಿರುತ್ತಾರೆ. ಸೀಮೆ ಅಂದರೆ ಪರದೇಶ. ಸೀಮೆಸುಣ್ಣ, ಸೀಮೆಬದನೆ ಇದ್ದ ಹಾಗೆ. ಹೊರಗಿನಿಂದ ಬಂದದ್ದು ಅಂತ ಹೆಸರೇ ಸಾರುತ್ತದೆ. ಹಾಗಾದರೆ ಅದು ಬರುವ ಮೊದಲು ನಮ್ಮ ಮನೆಗಳಲ್ಲಿ ಉರಿಯುತ್ತಿದ್ದದ್ದು ಏನು?

ಎಣ್ಣೆ ಅನ್ನುವ ಮಾತೇ ಎಳ್ಳಿನಿಂದ ಬಂದದ್ದು. ಎಳ್ಳಿನ ನೆಯ್, ಅಂದರೆ ಎಳ್ಳಿನ ಜಿಡ್ಡು. ಹಳೆಯ ಶಾಸನಗಳಲ್ಲಿ ದೇವಸ್ಥಾನದ ನಂದಾದೀವಿಗೆಗೆ ಗಾಣದ ಎಣ್ಣೆ ಬಿಟ್ಟುಕೊಟ್ಟ ದತ್ತಿಗಳು ಬೇಕಾದಷ್ಟು ಸಿಗುತ್ತವೆ. ಆದರೆ ಬಡವರ ಹಣತೆಗೆ ಎಳ್ಳೆಣ್ಣೆ ದುಬಾರಿ. ಬಯಲುಸೀಮೆಯಲ್ಲಿ ಹೊಂಗೆ, ಹಿಪ್ಪೆ, ಬೇವು, ಹರಳು. ಕರಾವಳಿಯಲ್ಲಿ ಹೊನ್ನೆ ಎಣ್ಣೆ. ಇಲ್ಲೊಂದು ಜಾಣತನ ಇದೆ, ಗಮನಿಸಿ. ಹೊಂಗೆ, ಹೊನ್ನೆ ತಿನ್ನುವ ಎಣ್ಣೆಗಳಲ್ಲ. ಊಟಕ್ಕೊಂದು, ದೀಪಕ್ಕೊಂದು ಅಂತ ಲೆಕ್ಕ ಬೇರೆ ಬೇರೆ ಇಟ್ಟಿದ್ದರು. ಹರಳೆಣ್ಣೆಯಂತೂ ಹೊಗೆ ಕಡಿಮೆ, ನಿಧಾನವಾಗಿ ಉರಿಯುತ್ತದೆ ಎಂದು ಹತ್ತೊಂಬತ್ತನೇ ಶತಮಾನದಲ್ಲಿ ಭಾರತದ ರೈಲ್ವೆಯವರೂ ದೀಪಕ್ಕೆ ಅದನ್ನೇ ಬಳಸಿದರು.

ಇಂಥ ಎಣ್ಣೆಗೆ ಒಂದು ತೊಡಕಿದೆ. ಸೀಮೆಎಣ್ಣೆಗಿಂತ ಅದು ಹತ್ತು ಪಟ್ಟಿಗೂ ಹೆಚ್ಚು ಮಂದ. ಹರಳೆಣ್ಣೆ ಇನ್ನೂ ಮಂದ. ಬತ್ತಿಯಲ್ಲಿ ಹೆಚ್ಚು ಮೇಲಕ್ಕೆ ಏರುವುದಿಲ್ಲ. ಅದಕ್ಕೇ ಹಣತೆ ಅಷ್ಟು ಆಳವಿಲ್ಲದ ಬಟ್ಟಲು; ಜ್ವಾಲೆ ಎಣ್ಣೆಯ ಪಕ್ಕದಲ್ಲೇ ಇರಬೇಕು. ಯುರೋಪಿನವರಿಗೂ ಇದೇ ತಲೆನೋವು. 1780ರ ದಶಕದಲ್ಲಿ ಸ್ವಿಟ್ಜರ್ಲೆಂಡಿನ ಏಮೆ ಆರ್ಗಾಂಡ್ ಎಂಬಾತ ಕೊಳವೆಯಂಥ ದುಂಡು ಬತ್ತಿ, ಮೇಲೆ ಚಿಮಣಿ ಇಟ್ಟು ದೀಪದ ಬೆಳಕನ್ನು ಹಲವು ಪಟ್ಟು ಹೆಚ್ಚಿಸಿದ. 1800ರಲ್ಲಿ ಪ್ಯಾರಿಸ್ಸಿನ ಕಾರ್ಸೆಲ್, ಎಣ್ಣೆಯನ್ನು ಬತ್ತಿಗೆ ತಳ್ಳಲು ದೀಪದೊಳಗೆ ಗಡಿಯಾರದ ಚಕ್ರಗಳಿಂದ ನಡೆಯುವ ಪಂಪನ್ನೇ ಕೂರಿಸಿದ! ಶ್ರೀಮಂತರ ಮನೆಗೆ ಸರಿ, ಬಡವನಿಗೆ ಎಲ್ಲಿ ಬರಬೇಕು?

1859ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಡ್ರೇಕ್ ಎಂಬಾತ ತೈಲಬಾವಿ ಕೊರೆದ ಮೇಲೆ ಕಥೆ ಬದಲಾಯಿತು. ತೆಳ್ಳಗಿನ ಸೀಮೆಎಣ್ಣೆ ಬತ್ತಿಯಲ್ಲಿ ಸಲೀಸಾಗಿ ಏರುತ್ತದೆ. ಪಂಪೂ ಬೇಡ, ಚಕ್ರವೂ ಬೇಡ. ಮೊದಲು ಅಮೆರಿಕದಿಂದ, ಆಮೇಲೆ ರಷ್ಯಾದ ಬಾಕುವಿನಿಂದ ಡಬ್ಬಗಳಲ್ಲಿ ನಮ್ಮ ಬಂದರುಗಳಿಗೆ ಬಂದು ಇಳಿಯಿತು. ಅಗ್ಗ, ಬೆಳಕೂ ಜಾಸ್ತಿ. 1892ರಲ್ಲಿ ಸ್ವೀಡನ್ನಿನ ಲಿಂಡ್‌ಕ್ವಿಸ್ಟ್ ಪ್ರೈಮಸ್ ಸ್ಟೋವ್ ತಂದ. ಅಲ್ಲಿಗೆ ಅಡುಗೆಮನೆಯೂ ಸೀಮೆಎಣ್ಣೆಯ ಪಾಲಾಯಿತು. ಹೊಂಗೆ ಬೀಜ ಆರಿಸುವ ಕೆಲಸ ಮೂಲೆ ಸೇರಿತು.

ಅಗ್ಗ ಅಂದೆನಲ್ಲ, ಅದಕ್ಕೆ ಬೇರೆ ಬೆಲೆಯೂ ಇತ್ತು. ಸೀಮೆಎಣ್ಣೆಯ ಆವಿ ಸುಮಾರು 40 ಡಿಗ್ರಿಗೇ ಬೆಂಕಿ ಹಿಡಿಯಬಲ್ಲದು. ಬೀಜದ ಎಣ್ಣೆಗೆ 200 ಡಿಗ್ರಿ ದಾಟಬೇಕು. ಹಣತೆ ಮಗುಚಿದರೆ ಹೆಚ್ಚಾಗಿ ಎಣ್ಣೆ ಚೆಲ್ಲಿ ಬತ್ತಿ ಆರುತ್ತದೆ. ಸ್ಟೋವ್ ಸಿಡಿದರೆ ಏನಾಗುತ್ತದೆ ಅಂತ ಚಾಳಿನಲ್ಲಿ ಬದುಕಿದ ನಮಗೆ ಯಾರೂ ಹೇಳಿಕೊಡಬೇಕಿಲ್ಲ. ನಾನು 1992ರಲ್ಲಿ ಈ ಊರಿಗೆ ಬಂದಾಗ ರೇಷನ್ ಅಂಗಡಿಯ ರಾಕೆಲ್ ಸಾಲಿನಲ್ಲಿ ಕ್ಯಾನ್ ಹಿಡಿದು ನಿಂತವರೆಲ್ಲರೂ ಗ್ಯಾಸ್ ಕನೆಕ್ಷನ್ ಇಲ್ಲದವರೇ.

ಬೀಜದ ಎಣ್ಣೆಯಲ್ಲೇ ಅಡುಗೆ ಮಾಡುವ ಸ್ಟೋವ್ ಆಗದೇ? ಆಯಿತು. ಜರ್ಮನಿಯ ಹೋಹೆನ್‌ಹೈಮ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ವಿಚಾರವನ್ನು ಅಲ್ಲಿಯ ಬಿಎಸ್‌ಎಚ್ ಕಂಪನಿ 'ಪ್ರೋಟೋಸ್' ಎಂಬ ಸ್ಟೋವ್ ಮಾಡಿ, 2004ರಲ್ಲಿ ಫಿಲಿಪೈನ್ಸಿನ ಲೇಟೆ ದ್ವೀಪದಲ್ಲಿ ತೆಂಗಿನೆಣ್ಣೆ ಹಾಕಿ ಪರೀಕ್ಷಿಸಿತು. ಪಂಪ್ ಹೊಡೆದು, ಬರ್ನರ್ ಮೊದಲೇ ಕಾಯಿಸಿ, ಎಣ್ಣೆಯನ್ನು ಆವಿ ಮಾಡಿ ಉರಿಸುವುದು. ಆದರೆ ಆವಿಯಾಗುವ ಜಾಗದಲ್ಲಿ ಕರಿ ಕಟ್ಟುತ್ತದೆ, ಆಗಾಗ ಕೆರೆದು ತೆಗೆಯಬೇಕು. ಅದನ್ನೂ ಸಹಿಸಬಹುದು, ಎಣ್ಣೆಯ ರೇಟು ಸಹಿಸುವುದು ಹೇಗೆ? 2007-08ರಲ್ಲಿ ಜಗತ್ತಿನಾದ್ಯಂತ ಅಡುಗೆ ಎಣ್ಣೆಯ ಬೆಲೆ ಗಗನಕ್ಕೇರಿತು. ಕಿಲೋ ಲೆಕ್ಕದಲ್ಲಿ ಸೀಮೆಎಣ್ಣೆಗಿಂತ ಶಾಖವೂ ಸ್ವಲ್ಪ ಕಡಿಮೆ. ಒಗ್ಗರಣೆಗೇ ಎಣ್ಣೆ ಸಾಲದ ಮನೆಯಲ್ಲಿ ಒಲೆಗೆ ಯಾರು ಸುರಿಯುತ್ತಾರೆ? ಬ್ಯಾಂಕಿನವನಿಗೆ ಈ ಲೆಕ್ಕ ಬೇಗ ಅರ್ಥವಾಗುತ್ತದೆ.

ಹೊಂಗೆಗೆ ಆ ಗೋಳಿಲ್ಲ, ಅದನ್ನು ಯಾರೂ ತಿನ್ನುವುದಿಲ್ಲ. ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಸೈನ್ಸ್‌ನ ಪ್ರೊ. ಉಡುಪಿ ಶ್ರೀನಿವಾಸ ಅವರು ತುಮಕೂರು ಜಿಲ್ಲೆಯ ಕಗ್ಗನಹಳ್ಳಿಯಲ್ಲಿ ಹೊಂಗೆ ಎಣ್ಣೆಯಿಂದ ಎಂಜಿನ್ ಓಡಿಸಿ ನೀರೆತ್ತಿ ತೋರಿಸಿದ್ದು ಇದೇ ನಂಬಿಕೆಯಿಂದ. ಆದರೆ ಬೀಜ ಆರಿಸುವ ಕೂಲಿ, ಗಾಣಕ್ಕೆ ಸಾಗಿಸುವ ಖರ್ಚು ಯಾರ ತಲೆಗೆ ಅನ್ನುವುದು ಹಳೆಯ ಪ್ರಶ್ನೆ.

2016ರಲ್ಲಿ ಉಜ್ವಲಾ ಯೋಜನೆ ಬಂತು, ಗ್ಯಾಸ್ ಸಿಲಿಂಡರ್ ಹಳ್ಳಿ ಹಳ್ಳಿಗೂ ಹೋಯಿತು. 2020ರ ಹೊತ್ತಿಗೆ ಸೀಮೆಎಣ್ಣೆಯ ಸಬ್ಸಿಡಿಯೂ ಕರಗಿತು. ಆದರೆ ನಮ್ಮ ಗ್ಯಾಸಿನ ದೊಡ್ಡ ಪಾಲು ಇಂದಿಗೂ ಹಡಗಿನಲ್ಲೇ ಬರುವುದು. ಅಂದರೆ ಒಲೆ ಇನ್ನೂ ಸೀಮೆಯದೇ, ಹೆಸರು ಮಾತ್ರ ಬೇರೆ! ಹೊಂಗೆಯಿಂದಲೇ ದೇಶದ ಒಲೆಯೆಲ್ಲ ಉರಿಯಬೇಕು ಅಂತ ನಾನು ಹೇಳುತ್ತಿಲ್ಲ, ಅದು ಆಗದ ಮಾತು. ಯಾವ ಮರದ ಬೀಜ ಯಾವ ತಿಂಗಳು ಉದುರುತ್ತದೆ, ಯಾವ ಎಣ್ಣೆ ಹೊಗೆ ಕಾರುತ್ತದೆ, ಈ ತಿಳುವಳಿಕೆ ಒಂದು ತಲೆಮಾರಿನ ಜೊತೆ ಹೋಗಿಬಿಡುತ್ತದಲ್ಲ, ಅದಷ್ಟೇ ನನ್ನ ಸಂಕಟ. ಮುಂದಿನ ಸಲ ಊರಿಗೆ ಹೋದಾಗ ಅಜ್ಜಿಯನ್ನೋ ದೊಡ್ಡಮ್ಮನನ್ನೋ ಕೇಳಿ ನೋಡಿ: ನಿಮ್ಮ ಮನೆಯ ದೀಪಕ್ಕೆ ಯಾವ ಎಣ್ಣೆ ಇತ್ತು? ಕೇಳಿದ್ದನ್ನು ಬರೆದಿಡಿ.